ಪಾಠಶಾಲೆಯ ಕಾಟವೂ ಅದರ ನಿವಾರಣೆಯೂ

ನಮ್ಮ ಮಕ್ಕಳಿಗೆ ಪಾಠಶಾಲೆಯಲ್ಲಿ ಎರಡು ಬಗೆಯ ಪಾಠಗಳು ನಡೆಯುತ್ತವೆ. ಒಂದು, ಉಪಾಧ್ಯಾಯರು ಕರಿಹಲಗೆಯ ಮುಂದೆ ನಿಂತು ಹೇಳುವ ಪಾಠ. ಇನ್ನೊಂದು, ಉಪಾಧ್ಯಾಯರ ಕಣ್ಣಿಗೆ ಬೀಳದ ಕಡೆ, ಕುಡಿಯುವ ನೀರಿನ ಕೊಳಾಯಿಯ ಹತ್ತಿರ, ಮೆಟ್ಟಲಿನ ತಿರುವಿನಲ್ಲಿ, ಶಾಲೆಯ ಬಸ್ಸಿನ ಹಿಂದಿನ ಸಾಲಿನಲ್ಲಿ, ಮಕ್ಕಳು ಮಕ್ಕಳಿಗೇ ಕಲಿಸುವ ಪಾಠ. ಮೊದಲನೆಯದಕ್ಕೆ ಪುಸ್ತಕವುಂಟು, ಪರೀಕ್ಷೆಯುಂಟು, ಇನ್ಸ್‌ಪೆಕ್ಟರ ತನಿಖೆಯೂ ಉಂಟು. ಎರಡನೆಯದರ ಲೆಕ್ಕವನ್ನು ಇಟ್ಟವರು ಕಡಮೆ. ಆದರೆ ಬಲವುಳ್ಳವನು ಬಲವಿಲ್ಲದವನನ್ನು ಗೋಳುಹೊಯ್ದುಕೊಳ್ಳುತ್ತಿರುವಾಗ ನೋಡುತ್ತ ನಿಂತವನು ಏನು ಮಾಡಬೇಕು ಎಂಬ ಪ್ರಶ್ನೆಗೆ ಮಗು ಉತ್ತರವನ್ನು ಕಲಿಯುವುದು ಈ ಎರಡನೆಯ ಪಾಠದಿಂದಲೇ. ಆ ಉತ್ತರವನ್ನು ಅದು ಮುಪ್ಪಿನವರೆಗೂ ಮರೆಯುವುದಿಲ್ಲ. ಈ ದಿನ ನಾವು ವಿಚಾರಮಾಡಬೇಕಾದ ವಿಷಯ ಇದು.

ಇಂಗ್ಲಿಷಿನಲ್ಲಿ ಇದಕ್ಕೆ ಬುಲ್ಲಿಯಿಂಗ್ ಎಂದು ಹೆಸರು. ನಮ್ಮಲ್ಲಿ ಪೀಡೆ, ಪುಂಡಾಟ, ಕಾಟ ಎಂದು ಹಲವು ಮಾತುಗಳಿವೆ. ಸುಲಭವಾಗಲೆಂದು ನಾನು ಇದನ್ನು ಕಾಟವೆಂದೇ ಕರೆಯುತ್ತೇನೆ. ಮಕ್ಕಳೆಂದ ಮೇಲೆ ಜಗಳ ಇದ್ದೇ ಇರುತ್ತದೆ. ಬೆಳಗ್ಗೆ ಗುದ್ದಾಡಿದವರು ಸಂಜೆ ಒಂದೇ ಸೀಬೆಯ ಹಣ್ಣನ್ನು ಕಚ್ಚಿ ತಿನ್ನುತ್ತಾರೆ. ಇದು ಕಾಟವಲ್ಲ. ಈ ವಿಷಯವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಮೊದಲಿಗರಾದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಕಾಟಕ್ಕೆ ಮೂರು ಲಕ್ಷಣಗಳನ್ನು ಹೇಳಿದ್ದಾರೆ. ಅದು ಬೇಕೆಂದೇ ಮಾಡಿದ್ದಾಗಿರಬೇಕು. ಒಂದು ಸಲಕ್ಕೆ ಮುಗಿಯದೆ ಮತ್ತೆ ಮತ್ತೆ ನಡೆಯಬೇಕು. ಮತ್ತು ಇಬ್ಬರ ಬಲಾಬಲಗಳಲ್ಲಿ ತಾರತಮ್ಯವಿರಬೇಕು. ಈ ಮೂರನೆಯ ಲಕ್ಷಣವೇ ಮುಖ್ಯವಾದುದು. ಬಲವೆಂದರೆ ತೋಳಿನ ಬಲವೇ ಆಗಬೇಕೆಂಬ ನಿಯಮವಿಲ್ಲ. ಐದಾರು ಮಂದಿ ಒಟ್ಟಾದರೆ ಅದು ಬಲ. ಚೆನ್ನಾಗಿ ಇಂಗ್ಲಿಷ್ ಬಂದರೆ ಅದು ಬಲ. ತಂದೆ ದೊಡ್ಡ ಅಧಿಕಾರಿಯಾಗಿದ್ದರೆ ಅದೂ ಬಲ.

ಹಾಗೆಯೇ ಕಾಟವೆಂದರೆ ಹೊಡೆತವೇ ಆಗಬೇಕಾಗಿಲ್ಲ. ಮೈಬಣ್ಣವನ್ನು ಹಿಡಿದು, ಉಗ್ಗುವ ನಾಲಗೆಯನ್ನು ಹಿಡಿದು, ಜಾತಿಯನ್ನು ಹಿಡಿದು ಅಡ್ಡಹೆಸರಿಡುವುದು ಕಾಟ. ತಿಂಡಿಯ ಡಬ್ಬಿಯನ್ನು ಕಿತ್ತುಕೊಳ್ಳುವುದು ಕಾಟ. ಇವನ ಪಕ್ಕದಲ್ಲಿ ಯಾರೂ ಕೂರಕೂಡದೆಂದು ಗುಟ್ಟಾಗಿ ಕಟ್ಟುಮಾಡುವುದು ಎಲ್ಲಕ್ಕಿಂತ ಕ್ರೂರವಾದ ಕಾಟ; ಇದರಲ್ಲಿ ಮೈಮೇಲೆ ಒಂದು ಗಾಯವೂ ಕಾಣುವುದಿಲ್ಲವಾದುದರಿಂದ ತೋರಿಸಿ ದೂರು ಹೇಳುವುದಕ್ಕೂ ಏನೂ ಇರುವುದಿಲ್ಲ. ಹಿಂದೆ ಸಂಜೆಯ ಗಂಟೆ ಹೊಡೆದರೆ ಮಗುವಿಗೆ ಬಿಡುಗಡೆಯಾಗುತ್ತಿತ್ತು. ಈಗ ಮೊಬೈಲ್ ಫೋನಿನ ಮೂಲಕ ಕಾಟವು ಮನೆಗೂ ಬಂದು, ರಾತ್ರಿ ಹಾಸಿಗೆಯವರೆಗೆ ಹಿಂಬಾಲಿಸುತ್ತದೆ.

“ಇದೆಲ್ಲ ಎಲ್ಲ ಕಾಲದಲ್ಲೂ ಇದ್ದದ್ದೇ, ನಾವೂ ಹೀಗೆಯೇ ಬೆಳೆದು ದೊಡ್ಡವರಾಗಲಿಲ್ಲವೆ?” ಎಂದು ಕೇಳುವವರುಂಟು. ಅವರಿಗೆ ಒಂದು ಉತ್ತರ ಇಂಗ್ಲೆಂಡಿನಿಂದ ಬಂದಿದೆ. ಬ್ರಿಟನ್ನಿನಲ್ಲಿ ೧೯೫೮ನೆಯ ಇಸವಿಯ ಒಂದು ವಾರದಲ್ಲಿ ಹುಟ್ಟಿದ ಮಕ್ಕಳ ಜೀವನವನ್ನು ವಿದ್ವಾಂಸರು ದಶಕಗಳ ಕಾಲ ಅನುಸರಿಸಿ ನೋಡಿದರು. ಏಳನೆಯ ಮತ್ತು ಹನ್ನೊಂದನೆಯ ವಯಸ್ಸಿನಲ್ಲಿ ಕಾಟಕ್ಕೆ ಸಿಕ್ಕಿದವರ ಸ್ಥಿತಿ ಐವತ್ತನೆಯ ವಯಸ್ಸಿನಲ್ಲಿ ಹೇಗಿತ್ತೆಂಬುದು ೨೦೧೪ರಲ್ಲಿ ಪ್ರಕಟವಾಯಿತು. ಪದೇ ಪದೇ ಕಾಟವನ್ನು ಅನುಭವಿಸಿದವರಲ್ಲಿ ಮನಸ್ಸಿನ ಖಿನ್ನತೆಯೂ ಕಳವಳವೂ ಮಿಕ್ಕವರಿಗಿಂತ ಹೆಚ್ಚಾಗಿದ್ದುವು, ಆಪ್ತರೆನ್ನಿಸಿಕೊಳ್ಳುವವರು ಕಡಮೆಯಾಗಿದ್ದರು. ನಲವತ್ತು ವರ್ಷಗಳು ಕಳೆದರೂ ಗಾಯ ಮಾಯಲಿಲ್ಲವೆಂದಾಯಿತು. ಇನ್ನು ಇದರ ವಿಸ್ತಾರವನ್ನು ಕೇಳಿದರೆ, ಸಂಯುಕ್ತ ರಾಷ್ಟ್ರಗಳ ವಿದ್ಯಾಸಂಸ್ಥೆಯಾದ ಯುನೆಸ್ಕೋ ೨೦೧೯ರಲ್ಲಿ ೧೪೪ ದೇಶಗಳ ಅಂಕಿಗಳನ್ನು ಕೂಡಿಸಿ, ಹೆಚ್ಚುಕಡಮೆ ಮೂವರು ವಿದ್ಯಾರ್ಥಿಗಳಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಕಾಟಕ್ಕೆ ಗುರಿಯಾಗಿದ್ದರೆಂದು ತಿಳಿಸಿತು. ಆದಕಾರಣ ಇದು ಎಲ್ಲೋ ಯಾರಿಗೋ ಆಗುವ ಸಂಗತಿಯಲ್ಲ.

ಇದಕ್ಕೆ ನಾವು ಸಾಮಾನ್ಯವಾಗಿ ಮಾಡುವ ಚಿಕಿತ್ಸೆಗಳು ನಾಲ್ಕು. ಅವು ಏಕೆ ಫಲಿಸುವುದಿಲ್ಲವೆಂಬುದನ್ನು ಮೊದಲು ನೋಡೋಣ. “ನೀನೂ ಎರಡು ಬಾರಿಸು” ಎಂಬುದು ಮನೆಯಲ್ಲಿ ಸಿಕ್ಕುವ ಮೊದಲನೆಯ ಬುದ್ಧಿವಾದ. ತಿರುಗಿ ಬಾರಿಸುವ ಶಕ್ತಿಯಿದ್ದರೆ ಆ ಮಗು ಕಾಟಕ್ಕೆ ಸಿಕ್ಕುತ್ತಲೇ ಇರಲಿಲ್ಲವಷ್ಟೆ! ಬಾರಿಸಲಾರದೆ ಹೋದಾಗ ಶಾಲೆಯಲ್ಲಿ ಸೋತ ಮಗು ತಂದೆಯ ಕಣ್ಣಿನಲ್ಲಿಯೂ ಸೋಲುತ್ತದೆ. ಮುಂದೆ ಅದು ಮನೆಯಲ್ಲಿ ಬಾಯಿ ಬಿಡುವುದಿಲ್ಲ. ಎರಡನೆಯದು, ಉಪಾಧ್ಯಾಯರು ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ಕೈಕುಲುಕಿಸಿ ರಾಜಿಮಾಡಿಸುವುದು. ಸಮಬಲರ ಜಗಳಕ್ಕೆ ಇದು ಸರಿಯಾದ ಮದ್ದು. ಕಾಟದಲ್ಲಿ ರಾಜಿಯಾಗತಕ್ಕ ಎರಡು ಪಕ್ಷಗಳಿಲ್ಲ. ಕೊಡುವವನು ಒಬ್ಬ, ತಿನ್ನುವವನು ಒಬ್ಬ. ಮೇಷ್ಟರ ಮುಂದೆ ಕೈಕುಲುಕಿದವನು ಹೊರಗೆ ಹೋದ ಮೇಲೆ ಆ ಕೈಯನ್ನು ತಿರುಚುತ್ತಾನೆ.

ಮೂರನೆಯದು ಬೆತ್ತ, ಅಥವಾ ಶಾಲೆಯಿಂದ ಹೊರಕ್ಕೆ ಹಾಕುವುದು. ೨೦೦೯ರ ಶಿಕ್ಷಣದ ಹಕ್ಕಿನ ಕಾನೂನಿನ ಹದಿನೇಳನೆಯ ಪ್ರಕರಣವು ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಕಾನೂನಿನ ಮಾತು ಹಾಗಿರಲಿ. ಬಲವುಳ್ಳವನು ಬಲವಿಲ್ಲದವನನ್ನು ಹೊಡೆಯಕೂಡದೆಂಬ ತತ್ತ್ವವನ್ನು ಬೆತ್ತದಿಂದ ಬೋಧಿಸುವುದು ಹೇಗೆ? ಅಮೆರಿಕದಲ್ಲಿ ಸಣ್ಣ ತಪ್ಪನ್ನೂ ಕ್ಷಮಿಸದೆ ಮಕ್ಕಳನ್ನು ಹೊರಗೆ ಹಾಕುವ ಪದ್ಧತಿ ಕೆಲವು ಕಾಲ ಬಹಳ ಬಳಕೆಯಲ್ಲಿತ್ತು. ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘದ ಒಂದು ಸಮಿತಿ ೨೦೦೮ರಲ್ಲಿ ಅದನ್ನು ಪರಿಶೀಲಿಸಿ, ಅದರಿಂದ ಶಾಲೆಗಳು ಹೆಚ್ಚು ಕ್ಷೇಮವಾದುವೆನ್ನುವುದಕ್ಕೆ ಆಧಾರವಿಲ್ಲವೆಂದು ಹೇಳಿತು. ಶಿಕ್ಷೆ ಅತಿಯಾದಷ್ಟೂ ಬಾಯಿಬಿಡುವ ಮಕ್ಕಳು ಕಡಮೆಯಾಗುತ್ತಾರೆ. ಒಬ್ಬನ ಓದನ್ನೇ ಕೆಡಿಸಿದ ಅಪವಾದವನ್ನು ಹೊರಲು ಯಾರು ಮುಂದೆ ಬರುತ್ತಾರೆ? ನಾಲ್ಕನೆಯದು, ವರ್ಷಕ್ಕೊಂದು ದಿನ ದೊಡ್ಡವರೊಬ್ಬರನ್ನು ಕರೆಸಿ ಸದ್ಗುಣಗಳ ಮೇಲೆ ಭಾಷಣ ಮಾಡಿಸುವುದು. ಭಾಷಣಕಾರರ ಕಾರು ಗೇಟು ದಾಟುವಷ್ಟರಲ್ಲಿ ಅದರ ಪರಿಣಾಮ ಮುಗಿದಿರುತ್ತದೆ.

ಹಾಗಾದರೆ ಫಲಿಸಿದ್ದು ಯಾವುದು? ಇದನ್ನು ತಿಳಿಯಲು ಯೂರೋಪಿನ ಉತ್ತರಭಾಗಕ್ಕೆ ಹೋಗಬೇಕು. ೧೯೮೨ರ ಕೊನೆಯಲ್ಲಿ ನಾರ್ವೆ ದೇಶದ ಉತ್ತರ ಭಾಗದಲ್ಲಿ ಹತ್ತರಿಂದ ಹದಿನಾಲ್ಕು ವರ್ಷದೊಳಗಿನ ಮೂವರು ಹುಡುಗರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಸಹಪಾಠಿಗಳ ತೀವ್ರವಾದ ಕಾಟವೇ ಕಾರಣವಾಗಿರಬೇಕೆಂದು ಪತ್ರಿಕೆಗಳಲ್ಲಿ ಬಂತು. ದೇಶವೆಲ್ಲ ತಲ್ಲಣಿಸಿತು. ಮುಂದಿನ ವರ್ಷವೇ ಅಲ್ಲಿನ ಸರ್ಕಾರ ದೇಶದ ಶಾಲೆಗಳಲ್ಲೆಲ್ಲ ಕಾಟದ ನಿವಾರಣೆಯ ಕಾರ್ಯವನ್ನು ಕೈಗೊಂಡಿತು. ಬೆರ್ಗೆನ್ ನಗರದಲ್ಲಿ ಓಲ್ವೇಯಸ್ ಅವರು ೪೨ ಶಾಲೆಗಳ ಸುಮಾರು ೨,೫೦೦ ಮಕ್ಕಳನ್ನು ಎರಡು ವರ್ಷಗಳ ಕಾಲ ಅನುಸರಿಸಿ ನೋಡಿದರು. ಅಲ್ಲಿ ಮಾಡಿದ್ದರಲ್ಲಿ ಗಹನವಾದುದೇನೂ ಇರಲಿಲ್ಲ. ಮಕ್ಕಳು ಹೆಸರು ಬರೆಯದೆ ಉತ್ತರಿಸುವ ಪ್ರಶ್ನೆಪತ್ರಿಕೆಯಿಂದ ಕಾಟ ಎಷ್ಟಿದೆ, ಎಲ್ಲಿ ನಡೆಯುತ್ತದೆ ಎಂದು ತಿಳಿದುಕೊಂಡರು. ಬಿಡುವಿನ ಹೊತ್ತಿನಲ್ಲಿ ಆಟದ ಬಯಲಿನಲ್ಲಿ ದೊಡ್ಡವರು ಇರುವಂತೆ ಮಾಡಿದರು. ತರಗತಿಯಲ್ಲಿ ಮೂರು ನಾಲ್ಕು ಸರಳವಾದ ಕಟ್ಟಳೆಗಳನ್ನು ಮಾಡಿ, ಅವುಗಳ ವಿಷಯವಾಗಿ ಮಕ್ಕಳೊಡನೆ ಕ್ರಮವಾಗಿ ಸಭೆ ನಡೆಸಿದರು. ಕಾಟ ಕೊಟ್ಟವನೊಡನೆಯೂ, ಕಾಟಕ್ಕೆ ಸಿಕ್ಕಿದವನೊಡನೆಯೂ, ಅವರ ತಂದೆತಾಯಿಗಳೊಡನೆಯೂ ಬೇರೆಬೇರೆಯಾಗಿ ಗಂಭೀರವಾಗಿ ಮಾತನಾಡಿದರು. ಎರಡು ವರ್ಷ ತುಂಬುವಷ್ಟರಲ್ಲಿ ಕಾಟವು ಸುಮಾರು ಅರ್ಧಕ್ಕೆ ಇಳಿದಿತ್ತು.

ಆದರೆ ಈ ಕಥೆಗೆ ಎರಡನೆಯ ಭಾಗವೂ ಒಂದುಂಟು. ಅದೇ ದೇಶದ ರೋಗಾಲಾಂಡ್ ಪ್ರಾಂತದಲ್ಲಿಯೂ ಅದೇ ಸರ್ಕಾರದ ಸಾಮಗ್ರಿಯನ್ನು ಶಾಲೆಗಳಿಗೆ ಹಂಚಿದ್ದರು. ಆದರೆ ಆಮೇಲೆ ಶಾಲೆಗಳಿಗೆ ಸತತವಾದ ನೆರವು ದೊರೆಯಲಿಲ್ಲ. ಮೂರು ವರ್ಷಗಳ ತರುವಾಯ ನೋಡಿದರೆ ಅಲ್ಲಿ ಕಾಟವು ಒಟ್ಟಿನಲ್ಲಿ ಇಳಿದಿರಲಿಲ್ಲ. ತುಸು ಏರಿಯೇ ಇತ್ತು. ದೇಶ ಒಂದೇ, ಪುಸ್ತಕ ಒಂದೇ, ಫಲ ಬೇರೆ. ಪುಸ್ತಕ ಹಂಚಿದ ಮಾತ್ರಕ್ಕೆ ಕಾಟ ಹೋಗುವುದಿಲ್ಲವೆಂಬುದನ್ನು ನಮ್ಮ ಶಾಲೆಗಳ ವ್ಯವಸ್ಥಾಪಕರು ಮನಸ್ಸಿನಲ್ಲಿಡಬೇಕು.

ದೊಡ್ಡವರು ಎಚ್ಚರವಾಗಿರಬೇಕೆಂದು ಬೆರ್ಗೆನ್ ತೋರಿಸಿಕೊಟ್ಟಿತು. ಮಕ್ಕಳ ಗುಂಪಿನೊಳಗೆ ನಡೆಯುವುದೇನೆಂಬುದನ್ನು ತೋರಿಸಿದ್ದು ಫಿನ್‌ಲೆಂಡಿನ ತುರ್ಕು ವಿಶ್ವವಿದ್ಯಾನಿಲಯ. ಅಲ್ಲಿನ ಕ್ರಿಸ್ಟೀನಾ ಸಾಲ್ಮಿವಾಲ್ಲಿ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ೧೯೯೬ರಲ್ಲಿ ಒಂದು ವಿಷಯವನ್ನು ಮುಂದಿಟ್ಟರು. ಕಾಟದಲ್ಲಿರುವವರು ಇಬ್ಬರೇ ಎಂದು ನಾವು ತಿಳಿದಿದ್ದೇವೆ. ಹಾಗಲ್ಲ, ತರಗತಿಯ ಬಹುಮಂದಿಗೆ ಅದರಲ್ಲಿ ಒಂದೊಂದು ಪಾತ್ರವಿದೆ. ಕಾಟ ಕೊಡುವವನಿಗೆ ಕೈಜೋಡಿಸುವವರು ಕೆಲವರು. ಕೈಜೋಡಿಸದಿದ್ದರೂ ನಕ್ಕು ಹುರಿದುಂಬಿಸುವವರು ಕೆಲವರು. ನಮಗೇಕೆಂದು ದೂರ ಸರಿಯುವವರು ಕೆಲವರು. ಸಿಕ್ಕಿಬಿದ್ದವನ ಪರವಾಗಿ ನಿಲ್ಲುವವರು ಕೆಲವರು. ಕಾಟ ಕೊಡುವವನಿಗೆ ಬೇಕಾದದ್ದು ಅನೇಕವೇಳೆ ಆ ಡಬ್ಬಿಯ ತಿಂಡಿಯಲ್ಲ, ಸುತ್ತಲಿನವರ ನಗೆ. ಆ ನಗೆಯೇ ಅವನ ಕೂಲಿ. ಕೂಲಿ ನಿಂತರೆ ಕೆಲಸವೂ ನಿಲ್ಲುತ್ತದೆ.

ಕೆನಡಾ ದೇಶದ ಟೊರಾಂಟೋ ನಗರದ ವಿದ್ವಾಂಸರು ಶಾಲೆಯ ಆಟದ ಬಯಲಿನಲ್ಲಿ ದೂರದಿಂದ ಚಿತ್ರ ತೆಗೆಯುವ ಯಂತ್ರವನ್ನಿಟ್ಟು, ನಡೆದದ್ದನ್ನು ನಡೆದಂತೆಯೇ ದಾಖಲೆ ಮಾಡಿದರು. ೨೦೦೧ರಲ್ಲಿ ಪ್ರಕಟವಾದ ಆ ಪರಿಶೋಧನೆಯಂತೆ, ನೂರಕ್ಕೆ ೮೮ ಸಂದರ್ಭಗಳಲ್ಲಿ ಬೇರೆ ಮಕ್ಕಳು ಅಲ್ಲಿಯೇ ಇದ್ದರು. ಅವುಗಳಲ್ಲಿ ನೂರಕ್ಕೆ ೧೯ ಸಂದರ್ಭಗಳಲ್ಲಿ ಮಾತ್ರ ಯಾರಾದರೊಬ್ಬರು ನಡುವೆ ಬಂದರು. ಹಾಗೆ ಬಂದಾಗ ಅರ್ಧಕ್ಕಿಂತ ಹೆಚ್ಚು ಸಲ, ಎಂದರೆ ನೂರಕ್ಕೆ ೫೭ ಸಲ, ಕಾಟವು ಹತ್ತು ಸೆಕೆಂಡುಗಳೊಳಗೆ ನಿಂತುಹೋಯಿತು. ಈ ಮೂರು ಅಂಕಿಗಳನ್ನು ಜೊತೆಗಿಟ್ಟು ನೋಡಬೇಕು. ಮದ್ದು ತರಗತಿಯ ಒಳಗೇ ಇದೆ. ಅದನ್ನು ತೆಗೆದುಕೊಡುವ ಧೈರ್ಯ ಮಾತ್ರ ಮಕ್ಕಳಿಗೆ ಇಲ್ಲ.

ಆ ಧೈರ್ಯ ಎಲ್ಲಿಂದ ಬರಬೇಕು? “ಧೈರ್ಯವಾಗಿರಿ” ಎಂದು ಹೇಳಿದರೆ ಬರುವುದಿಲ್ಲ. ತಾನು ಬಾಯಿಬಿಟ್ಟರೆ ನಾಳೆ ತನ್ನ ಸರದಿಯೆಂದು ಮಗುವಿಗೆ ಗೊತ್ತಿದೆ. ಆ ಭಯ ನಿರಾಧಾರವಾದುದೂ ಅಲ್ಲ. ತುರ್ಕು ವಿಶ್ವವಿದ್ಯಾನಿಲಯದವರು ತಮ್ಮ ಸರ್ಕಾರದ ಸಹಾಯದಿಂದ ೨೦೦೬ರಿಂದೀಚೆಗೆ ಏರ್ಪಡಿಸಿದ ಕೀವಾ ಎಂಬ ಪದ್ಧತಿಯಲ್ಲಿ ಇದಕ್ಕೆ ಉಪಾಯ ಕಾಣುತ್ತದೆ. ಅವರ ಭಾಷೆಯಲ್ಲಿ ಆ ಮಾತಿಗೆ ಹಿತವಾದದ್ದು ಎಂದು ಅರ್ಥ. ತರಗತಿಯ ಎಲ್ಲರಿಗೂ ಈ ವಿಷಯವಾಗಿ ಕ್ರಮವಾದ ಪಾಠಗಳಿರುತ್ತವೆ. ಕಾಟ ನಡೆದದ್ದು ತಿಳಿದಾಗ ಅದನ್ನು ವಿಚಾರಿಸುವುದಕ್ಕೆಂದೇ ಶಾಲೆಯಲ್ಲಿ ಮೂರು ನಾಲ್ಕು ಮಂದಿ ದೊಡ್ಡವರ ತಂಡವಿರುತ್ತದೆ. ಅವರು ಸಂಬಂಧಪಟ್ಟ ಮಕ್ಕಳೊಡನೆ ಮಾತನಾಡಿ, ಏನು ಬದಲಾಗಬೇಕೆಂದು ಗೊತ್ತುಮಾಡಿ, ಕೆಲವು ದಿನಗಳಾದ ಮೇಲೆ ಮತ್ತೆ ಕರೆದು ವಿಚಾರಿಸುತ್ತಾರೆ. ಇಷ್ಟೇ ಅಲ್ಲದೆ, ತರಗತಿಯಲ್ಲಿ ಎಲ್ಲರ ಮೆಚ್ಚುಗೆ ಪಡೆದ ಇಬ್ಬರು ಮೂವರು ಮಕ್ಕಳನ್ನು ಉಪಾಧ್ಯಾಯರು ಕರೆದು, ಕಾಟಕ್ಕೆ ಸಿಕ್ಕಿದ ಮಗುವಿಗೆ ಜೊತೆಯಾಗಿರುವಂತೆ ಕೇಳಿಕೊಳ್ಳುತ್ತಾರೆ. ೨೦೦೭ರಿಂದ ೨೦೦೯ರವರೆಗೆ ೨೩೪ ಶಾಲೆಗಳಲ್ಲಿ ಪರೀಕ್ಷಿಸಿದಾಗ ಈ ಪದ್ಧತಿಯಿಂದ ಕಾಟವು ಇಳಿಮುಖವಾದದ್ದು ಕಂಡುಬಂತು. ಒಂದು ಮಗು ಒಂಟಿಯಾಗಿ ಧೀರನಾಗಬೇಕೆಂದು ಇಲ್ಲಿ ಯಾರೂ ಕೇಳುವುದಿಲ್ಲ; ಹಿಂದೆ ದೊಡ್ಡವರ ಬೆಂಬಲ, ಅಕ್ಕಪಕ್ಕದಲ್ಲಿ ಒಡನಾಡಿಗಳು.

ಐವತ್ತು ಅರುವತ್ತು ಮಕ್ಕಳು ಕಿಕ್ಕಿರಿದ ನಮ್ಮ ತರಗತಿಗಳಲ್ಲಿ ಇದೆಲ್ಲ ಸಾಧ್ಯವೇ ಎಂಬ ಸಂದೇಹ ನ್ಯಾಯವಾದದ್ದೇ. ಹಣ ಬೇಡದ ಕೆಲವು ಕೆಲಸಗಳನ್ನು ನಾನು ಸೂಚಿಸಬಲ್ಲೆನು. ಆರು ತಿಂಗಳಿಗೊಮ್ಮೆ ಹೆಸರಿಲ್ಲದ ಚೀಟಿಗಳಲ್ಲಿ ಮಕ್ಕಳನ್ನು ಎರಡೇ ಪ್ರಶ್ನೆ ಕೇಳಬಹುದು: ನಮ್ಮ ಶಾಲೆಯಲ್ಲಿ ನಿನಗೆ ಭಯವಾಗುವ ಜಾಗ ಯಾವುದು? ಆ ಭಯ ಯಾವ ಹೊತ್ತಿನಲ್ಲಿ? ಉತ್ತರಗಳೆಲ್ಲ ಸೇರಿದರೆ ಶಾಲೆಯ ಒಂದು ನಕ್ಷೆಯೇ ಸಿದ್ಧವಾಗುತ್ತದೆ. ಆ ಜಾಗದಲ್ಲಿ ಆ ಹೊತ್ತಿಗೆ ಒಬ್ಬ ದೊಡ್ಡವರು ನಿಂತರೆ ಅರ್ಧ ಕೆಲಸವಾದಂತೆ. ಅವರು ಉಪಾಧ್ಯಾಯರೇ ಆಗಬೇಕಾಗಿಲ್ಲ. ಆಯಾ ಆಗಬಹುದು, ಜವಾನನಾಗಬಹುದು. ಆಟಕ್ಕೆ ಪಕ್ಷ ಕಟ್ಟುವಾಗ ಇಬ್ಬರು ನಾಯಕರು ಒಬ್ಬೊಬ್ಬರನ್ನಾಗಿ ಆರಿಸಿಕೊಳ್ಳುವ ಪದ್ಧತಿಯನ್ನು ಬಿಟ್ಟುಬಿಡಬಹುದು. ಕೊನೆಗೆ ಉಳಿಯುವ ಮಗು ಪ್ರತಿದಿನವೂ ಅದೇ ಆಗಿರುತ್ತದೆ, ಅದನ್ನು ತರಗತಿಯೆಲ್ಲ ನೋಡುತ್ತಿರುತ್ತದೆ. ಉಪಾಧ್ಯಾಯರೇ ಪಕ್ಷ ಹಂಚಿದರೆ ಆ ಅವಮಾನ ತಪ್ಪುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಮಾತನ್ನು ಸರಿಪಡಿಸುವುದು. ನಮ್ಮ ಶಾಲೆಗಳಲ್ಲಿ ಚಾಡಿ ಎಂಬ ಮಾತಿಗೆ ಬಹಳ ಶಕ್ತಿಯಿದೆ. ಮಗು ಬಂದು ಏನನ್ನಾದರೂ ಹೇಳಿದರೆ, “ಚಾಡಿ ಹೇಳಬೇಡ, ಹೋಗಿ ಕೂತುಕೋ” ಎಂದು ಗದರಿಸುವುದು ವಾಡಿಕೆ. ಮಕ್ಕಳೂ ಅದನ್ನೇ ಕಲಿತು, ಹೇಳಿದವನನ್ನು ಚಾಡಿಕೋರನೆಂದು ಬಹಿಷ್ಕರಿಸುತ್ತಾರೆ. ಹೀಗೆ ಕಾಟ ಕೊಡುವವನಿಗೆ ಬೇಕಾದ ರಕ್ಷಣೆಯನ್ನು ನಾವೇ ಕಟ್ಟಿಕೊಟ್ಟಂತಾಯಿತು. ಚಾಡಿಗೂ ಮೊರೆಗೂ ಇರುವ ಭೇದವನ್ನು ಒಂದನೆಯ ತರಗತಿಯಿಂದಲೇ ಹೇಳಿಕೊಡಬೇಕು. ಒಬ್ಬನನ್ನು ಸಿಕ್ಕಿಸಬೇಕೆಂದು ಹೇಳಿದರೆ ಚಾಡಿ. ಒಬ್ಬನನ್ನು ಬಿಡಿಸಬೇಕೆಂದು ಹೇಳಿದರೆ ಮೊರೆ. ಇಷ್ಟು ಭೇದ ಆರು ವರ್ಷದ ಮಗುವಿಗೂ ತಿಳಿಯುತ್ತದೆ. ಮೊರೆಯಿಟ್ಟ ಮಗುವಿನ ಹೆಸರನ್ನು ಉಪಾಧ್ಯಾಯರು ಗುಟ್ಟಾಗಿಟ್ಟುಕೊಳ್ಳಬೇಕು, ಎರಡು ವಾರ ಕಳೆದ ಮೇಲೆ ತಾವಾಗಿ ಕರೆದು, “ಈಗ ಹೇಗಿದೆಯಪ್ಪಾ?” ಎಂದು ಕೇಳಬೇಕು. ಮೊದಲನೆಯ ಮೊರೆಗೆ ಬೆಲೆ ಸಿಕ್ಕಿದರೆ ಎರಡನೆಯ ಮೊರೆ ತಾನೇ ಬರುತ್ತದೆ.

ಉಪಾಧ್ಯಾಯರೇ ಕುಳ್ಳ, ಡುಮ್ಮಿ ಎಂದು ಮಕ್ಕಳನ್ನು ಕೂಗಿದರೆ, ಜಾತಿಯ ಮಾತೆತ್ತಿ ಹಂಗಿಸಿದರೆ, ಹಿಂದುಳಿದವನನ್ನು ನಿಲ್ಲಿಸಿ ತರಗತಿಯನ್ನೆಲ್ಲ ನಗಿಸಿದರೆ, ಮೇಲೆ ಹೇಳಿದ ಯಾವ ಏರ್ಪಾಡೂ ನಡೆಯದು. ಗುರುವಿನ ಬಾಯಿಂದ ಬಂದ ಅಡ್ಡಹೆಸರಿಗೆ ಅಪ್ಪಣೆಯ ಮುದ್ರೆ ಬಿದ್ದಂತೆ. ಮಾನಿಟರನಿಗೆ ಹೆಸರು ಬರೆಯುವ ಅಧಿಕಾರ ಕೊಟ್ಟು ಹೊರಗೆ ಹೋಗುವವರೂ ಯೋಚಿಸಬೇಕು. ಲೆಕ್ಕ ಕೇಳುವವರಿಲ್ಲದ ಅಧಿಕಾರ ಹನ್ನೆರಡು ವರ್ಷದ ಹುಡುಗನ ಕೈಯಲ್ಲಿಯೂ ಕೆಡುತ್ತದೆ.

ಮನೆಯವರಿಗೂ ಒಂದು ಮಾತು. ಕಾಟಕ್ಕೆ ಸಿಕ್ಕಿದ ಮಗು “ನನಗೆ ಕಾಟ ಕೊಡುತ್ತಾರೆ” ಎಂದು ಹೇಳುವುದು ಅಪರೂಪ. ಅದು ಹೊಟ್ಟೆನೋವೆನ್ನುತ್ತದೆ, ಭಾನುವಾರ ಸಂಜೆ ಮಂಕಾಗುತ್ತದೆ, ಪೆನ್ಸಿಲು ಕಳೆಯಿತು, ಪುಸ್ತಕ ಹರಿಯಿತು ಎಂದು ಪದೇ ಪದೇ ಹೇಳುತ್ತದೆ. ಆಗ “ಯಾರು ಏನು ಮಾಡಿದರು, ಹೇಳು” ಎಂದು ವಕೀಲರಂತೆ ಪಾಟೀಸವಾಲು ಮಾಡಿದರೆ ಪ್ರಯೋಜನವಿಲ್ಲ. “ಈ ದಿನ ಯಾರ ಜೊತೆಯಲ್ಲಿ ಕುಳಿತು ತಿಂಡಿ ತಿಂದೆ?” ಎಂದು ಕೇಳಿ ನೋಡಿರಿ. ವಾರದಲ್ಲಿ ನಾಲ್ಕು ದಿನ “ಒಬ್ಬಳೇ” ಎಂಬ ಉತ್ತರ ಬಂದರೆ ಶಾಲೆಗೆ ಹೋಗಿ ವಿಚಾರಿಸುವ ಕಾಲ ಬಂದಿದೆಯೆಂದು ತಿಳಿಯಿರಿ. ಹೋದಾಗ ಆ ಇನ್ನೊಂದು ಮಗುವಿನ ತಂದೆಯೊಡನೆ ಗೇಟಿನ ಬಳಿ ಜಗಳ ತೆಗೆಯದೆ, ತಾರೀಖು, ಜಾಗ, ನಡೆದದ್ದು ಇವನ್ನು ಬರೆದುಕೊಂಡು ಹೋಗಿ ಹೆಡ್‌ಮಾಸ್ಟರ ಮುಂದಿಡಿರಿ.

ಕಾಟ ಕೊಟ್ಟದ್ದು ನಮ್ಮ ಮಗುವೇ ಎಂದು ಶಾಲೆಯಿಂದ ಕರೆ ಬಂದರೆ? “ನಮ್ಮ ಮಗು ಅಂಥದ್ದಲ್ಲ” ಎನ್ನುವುದು ಎಲ್ಲ ತಂದೆತಾಯಿಗಳಿಗೂ ಸಹಜವಾದ ಮೊದಲ ಮಾತು. ಆ ಮಾತನ್ನು ನುಂಗಿಕೊಂಡು ಕೇಳುವವರು ತಮ್ಮ ಮಗುವಿಗೆ ದೊಡ್ಡ ಉಪಕಾರ ಮಾಡುತ್ತಾರೆ. ಕಾಟ ಕೊಡುವ ಹುಡುಗರು ಅದನ್ನೇ ಅಭ್ಯಾಸಮಾಡಿಕೊಂಡರೆ ಮುಂದೆ ಅಪರಾಧಗಳಲ್ಲಿ ಸಿಕ್ಕಿಬೀಳುವ ಸಂಭವ ಮಿಕ್ಕವರಿಗಿಂತ ಹೆಚ್ಚೆಂದು ಓಲ್ವೇಯಸ್ ಅವರೇ ಕಂಡಿದ್ದರು. ಆ ಮಗುವನ್ನು ಕೆಟ್ಟವನೆಂದು ತಳ್ಳದೆ, ಅದು ಮಾಡಿದ ಕೆಲಸ ಕೆಟ್ಟದ್ದೆಂದು ಖಂಡಿತವಾಗಿ ಹೇಳಬೇಕು. ಕೆಡಿಸಿದ್ದನ್ನು ಸರಿಪಡಿಸುವ ಹೊಣೆಯನ್ನೂ ಅದಕ್ಕೆ ಕೊಡಬೇಕು.

ಕಾನೂನಿನ ಬೆಂಬಲವೂ ಇಲ್ಲದಿಲ್ಲ. ೧೯೮೩ರ ಕರ್ನಾಟಕ ಶಿಕ್ಷಣ ಅಧಿನಿಯಮವು ವಿದ್ಯಾಸಂಸ್ಥೆಗಳಲ್ಲಿ ರ‍್ಯಾಗಿಂಗನ್ನು ದಂಡನಾರ್ಹವಾದ ಅಪರಾಧವನ್ನಾಗಿ ಮಾಡಿದೆ. ಆದರೆ ಕಾನೂನು ಬರುವುದು ಅನರ್ಥವಾದ ಮೇಲೆ. ಕಾಲೇಜಿಗೆ ಹದಿನೇಳು ಹದಿನೆಂಟು ವರ್ಷದವರು ಬರುವಾಗ, ಹೊಸಬರನ್ನು ಹಿಂಸಿಸುವುದನ್ನೂ, ಅದನ್ನು ನೋಡಿ ಸುಮ್ಮನಿರುವುದನ್ನೂ ಅವರು ಹತ್ತು ವರ್ಷ ಅಭ್ಯಾಸಮಾಡಿಕೊಂಡೇ ಬಂದಿರುತ್ತಾರೆ. ಅಲ್ಲಿ ಅಂಟಿಸುವ ಎಚ್ಚರಿಕೆಯ ಫಲಕಗಳು ಆ ಅಭ್ಯಾಸವನ್ನು ಎಷ್ಟರಮಟ್ಟಿಗೆ ಬಿಡಿಸಿಯಾವು?

ಆಶೆಯನ್ನು ಅಳತೆ ಮೀರಿ ಬೆಳೆಸುವುದೂ ಸರಿಯಲ್ಲ. ಇಂಥ ಪ್ರಯತ್ನಗಳ ನೂರು ಪರೀಕ್ಷಣೆಗಳನ್ನು ಒಟ್ಟುಗೂಡಿಸಿ ೨೦೧೯ರಲ್ಲಿ ಪ್ರಕಟಿಸಿದ ವಿಮರ್ಶೆಯಲ್ಲಿ, ಕಾಟ ಕೊಡುವುದು ಸುಮಾರು ಐದರಲ್ಲಿ ಒಂದು ಪಾಲೂ, ಕಾಟಕ್ಕೆ ಸಿಕ್ಕುವುದು ಸುಮಾರು ಆರರಲ್ಲಿ ಒಂದು ಪಾಲೂ ಕಡಮೆಯಾಯಿತೆಂದು ಕಂಡುಬಂದಿದೆ. ಇಷ್ಟೇ ಏನು ಎನ್ನಬಹುದು. ಒಂದು ಶಾಲೆಯಲ್ಲಿ ಅರುವತ್ತು ಮಕ್ಕಳು ಕಾಟಕ್ಕೆ ಸಿಕ್ಕಿದ್ದರೆ, ಅವರಲ್ಲಿ ಹತ್ತು ಮಂದಿ ನಾಳೆ ಹೊಟ್ಟೆನೋವಿಲ್ಲದೆ ಶಾಲೆಗೆ ಹೊರಡುತ್ತಾರೆಂದು ಇದರ ಅರ್ಥ. ಮಿಕ್ಕ ಐವತ್ತು ಮಂದಿಗಾಗಿ ಕೆಲಸವನ್ನು ಮರುವರ್ಷವೂ ಬಿಡದೆ ಮುಂದುವರಿಸಬೇಕು. ಬೆರ್ಗೆನ್ನಿಗೂ ರೋಗಾಲಾಂಡಿಗೂ ಇದ್ದ ಅಂತರ ಇದೊಂದೇ.